ಮೂರನೇ ಬಗೆಯ ಜೀವ

ನನ್ನ ತಮ್ಮ ತೀರಿಕೊಂಡ ಮೂರನೇ ವಾರ ಅಮ್ಮ ಒಂದು ಸೂಟ್‌ಕೇಸ್ ಹಿಡಿದುಕೊಂಡು ನನ್ನ ಮನೆಗೆ ಬಂದಳು. ಚಪ್ಪಲಿ ಬಿಡುವ ಮೊದಲೇ ಹೇಳಿದಳು: "ನಿಮ್ಮಪ್ಪ ಆ ಮಾತು ವಾಪಸ್ ತಗೊಳ್ಳೋವರೆಗೂ ನಾನು ಆ ಮನೆ ಮೆಟ್ಟಿಲು ಹತ್ತಲ್ಲ."

ನಾನು "ಸರಿ" ಎಂದೆ. ಆ ದಿನಗಳಲ್ಲಿ ಯಾರು ಏನು ಹೇಳಿದರೂ ಸರಿ ಎನ್ನುತ್ತಿದ್ದೆ. ಸರಿ ಎಂದರೆ ಮಾತು ಬೇಗ ಮುಗಿಯುತ್ತದೆ.

ನಾನು ಹಲ್ಲು ಮಾಡುವವಳು. ಡಾಕ್ಟರ್ ಅಲ್ಲ. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಅದರೊಳಗೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ಹಲ್ಲು ಕೆತ್ತಿ, ಸುಟ್ಟು, ಉಜ್ಜಿ, ಪಕ್ಕದ ಹಲ್ಲಿನ ಬಣ್ಣಕ್ಕೆ ಹೊಂದಿಸಿ ವಾಪಸ್ ಕಳಿಸುತ್ತೇನೆ. ಕೆಳಗೆ ಲ್ಯಾಬು, ಮೇಲೆ ಎರಡು ಕೋಣೆ. ತಮ್ಮನ ಸುದ್ದಿ ಬಂದ ದಿನವೂ ಹೋಗಿ ನೋಡಿ, ಸಹಿ ಹಾಕಿ, ವಾಪಸ್ ಬಂದು ಬಾಕಿ ಇದ್ದ ಮೂರು ಆರ್ಡರ್ ಮುಗಿಸಿದೆ. ಒಂದೂ ತಿದ್ದುಪಡಿಗೆ ವಾಪಸ್ ಬರಲಿಲ್ಲ. ಇಂಜೆಕ್ಷನ್ ಕೊಟ್ಟ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಜನ ಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತಾರಲ್ಲ, ನಾನೂ ಹಾಗೇ ಇದ್ದೆ. ಅಳು ಬರುವುದಿಲ್ಲವೆಂಬುದಕ್ಕೆ ನಾಚಿಕೆಯಾಗಬೇಕಿತ್ತು. ಅದೂ ಆಗಲಿಲ್ಲ.

ಅಮ್ಮ ಹೇಳಿದ "ಆ ಮಾತು" ಯಾವುದು ಎನ್ನುವುದಕ್ಕೆ ನಮ್ಮ ಮನೆಯ ಕಥೆ ಸ್ವಲ್ಪ ಹೇಳಬೇಕು. ಅಪ್ಪನ ಮನೆತನ ಮಾಧ್ವರದ್ದು, ಅಮ್ಮನದು ಶ್ರೀವೈಷ್ಣವರದ್ದು. ಇಬ್ಬರ ದೇವರೂ ಒಬ್ಬನೇ. ದೇವರ ವಿಷಯಕ್ಕೆ ಜಗಳವೇ ಇರಲಿಲ್ಲ. ಜಗಳವೆಲ್ಲ ಜೀವದ ವಿಷಯಕ್ಕೆ. ಜೀವ ಹುಟ್ಟುವುದಿಲ್ಲ, ಸಾಯುವುದಿಲ್ಲ, ಅದು ನಿತ್ಯ ಎನ್ನುವಲ್ಲಿಯವರೆಗೆ ಇಬ್ಬರೂ ಕೈಕೈ ಹಿಡಿದು ಬರುತ್ತಿದ್ದರು. ಆಮೇಲೆ ದಾರಿ ಬೇರೆ. ಅಪ್ಪನ ಪ್ರಕಾರ ಒಂದು ಜೀವದ ಹಾಗೆ ಇನ್ನೊಂದಿಲ್ಲ. ಪ್ರತಿಯೊಂದಕ್ಕೂ ಅದರದೇ ಸ್ವಭಾವ, ಅದರದೇ ಯೋಗ್ಯತೆ, ಮೇಲು ಕೆಳಗು, ಮತ್ತು ಅದು ಯಾವ ಕಾಲಕ್ಕೂ ಬದಲಾಗದು. ಅಮ್ಮನ ಪ್ರಕಾರ ಎಲ್ಲ ಜೀವಗಳೂ ಒಳಗೆ ಒಂದೇ ತೆರ. ಎಣಿಕೆಗೆ ಬೇರೆ, ಗುಣಕ್ಕೆ ಒಂದೇ. ಕರ್ಮದ ಕೊಳೆ ಹೋದರೆ ಎಲ್ಲವೂ ಸಮ.

ಅವರವರ ಕೆಲಸವೂ ಅದಕ್ಕೆ ತಕ್ಕ ಹಾಗೇ ಇತ್ತು. ಅಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾದವರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ, ತೂಕದ ಬಟ್ಟು ಪರೀಕ್ಷೆ ಮಾಡಿ, ಸರಿಯಿದ್ದರೆ ಆ ವರ್ಷದ ಮುದ್ರೆ ಒತ್ತುವುದು, ಇಲ್ಲದಿದ್ದರೆ ತಿರಸ್ಕೃತ ಎಂಬ ಗುರುತು ಹಾಕುವುದು. ಅಮ್ಮ ಆಸ್ಪತ್ರೆಯ ಬಟ್ಟೆ ಕೋಣೆಯ ಮೇಲ್ವಿಚಾರಕಿ. ದಿನಕ್ಕೆ ನಾನೂರು ಬಿಳಿ ಚಾದರ ಅವಳ ಕೈ ದಾಟುತ್ತವೆ. ಅಪ್ಪ ಊಟಕ್ಕೆ ಕುಳಿತು "ಹಿತ್ತಾಳೆ ಬಟ್ಟನ್ನ ಎಷ್ಟು ಉಜ್ಜಿದ್ರೂ ಬಂಗಾರ ಆಗಲ್ಲ" ಎನ್ನುವರು. ಅಮ್ಮ "ನನ್ನ ಹತ್ರ ಬರೋ ಚಾದರ ನೋಡಿದ್ರೆ ನೀವು ಹಾಗನ್ನಲ್ಲ. ಒಗೆದ್ರೆ ಎಲ್ಲಾ ಬಿಳೀನೇ" ಎನ್ನುವಳು. ನಾನೂ ತಮ್ಮನೂ ತಟ್ಟೆ ನೋಡಿಕೊಂಡು ನಗುತ್ತಿದ್ದೆವು. ಅದು ನಮ್ಮ ಮನೆಯ ಮನರಂಜನೆ, ಅದರಿಂದ ಯಾರಿಗೂ ಗಾಯವಾಗಿರಲಿಲ್ಲ.

ತಮ್ಮ ಕುಡಿಯುವುದನ್ನು ಕಲಿತ. ಸಾಮಾನು ತಲುಪಿಸುವ ವ್ಯಾನ್ ಓಡಿಸುತ್ತಿದ್ದವನು ಒಂದು ಮಧ್ಯಾಹ್ನ ಕುಡಿದು ಒಬ್ಬರು ಮುದುಕರಿಗೆ ಗುದ್ದಿದ, ನಿಲ್ಲಿಸದೆ ಓಡಿದ. ಮುದುಕರು ಬದುಕಿದರು, ಒಂದು ಕಾಲು ಹೋಯಿತು. ತಮ್ಮನಿಗೆ ಎರಡು ವರ್ಷ ಜೈಲಾಯಿತು. ಹೊರಗೆ ಬಂದ ದಿನ ನಾನೇ ಅವನನ್ನು ಮನೆಗೆ ಕರೆದುಕೊಂಡು ಬಂದೆ. ಊಟಕ್ಕೆ ಕುಳಿತೆವು. ಅಪ್ಪ ನೀರು ಕುಡಿದು ಲೋಟ ಕೆಳಗಿಟ್ಟು, ಪಾಠ ಒಪ್ಪಿಸುವವರ ಹಾಗೆ ಶಾಂತವಾಗಿ ಹೇಳಿದರು.

"ಜೀವಗಳು ಮೂರು ಬಗೆ. ಬಿಡುಗಡೆಗೆ ಯೋಗ್ಯವಾದವು ಒಂದು. ಹುಟ್ಟುಸಾವಿನಲ್ಲಿ ಸುತ್ತುತ್ತಲೇ ಇರೋವು ಎರಡು. ಕೊನೆಗೆ ಕತ್ತಲಿಗೇ ಹೋಗೋವು ಮೂರು. ಯಾರೂ ಮಾಡಿದ್ದಲ್ಲ ಇದು, ಅವುಗಳ ಸ್ವಭಾವವೇ ಹಾಗೆ. ಇವನದು ಮೂರನೇ ಬಗೆ. ನನಗೀಗ ಗೊತ್ತಾಯ್ತು."

ಅಮ್ಮ ಬಡಿಸುತ್ತಿದ್ದ ಕೈ ಹಾಗೇ ನಿಲ್ಲಿಸಿದಳು. ತಮ್ಮ ಮಾತ್ರ ನಕ್ಕ. "ಒಳ್ಳೇದಾಯ್ತಲ್ಲಪ್ಪಾ, ಇನ್ನು ಸುಧಾರಿಸೋ ತಾಪತ್ರಯ ಇಲ್ಲ" ಎಂದು ಎದ್ದು, ಕೈ ತೊಳೆದು, ಬೂಟು ಹಾಕಿಕೊಂಡು ಹೋದ. ಆಮೇಲೆ ಆರು ವರ್ಷ ಅವನು ಆ ಮನೆಗೆ ಬರಲಿಲ್ಲ ಎಂದೇ ನಾವು ತಿಳಿದಿದ್ದೆವು.

ನನ್ನ ಹತ್ತಿರ ಮಾತ್ರ ಬರುತ್ತಿದ್ದ, ಅಮ್ಮನಿಗೂ ಮುಖ ತೋರಿಸುತ್ತಿರಲಿಲ್ಲ. ಪೀಠೋಪಕರಣದ ಕಾರ್ಖಾನೆಯಲ್ಲಿ ಮರಕ್ಕೆ ಪಾಲಿಶ್ ಹಚ್ಚುವ ಕೆಲಸ ಹಿಡಿದಿದ್ದ. ಉಗುರೆಲ್ಲ ಕಂದು. ಯಾವುದೋ ಹೊಡೆದಾಟದಲ್ಲಿ ಮುಂದಿನ ಕೆಳಹಲ್ಲು ಎರಡು ಹೋಗಿದ್ದವು, ನಾನು ಹೊಸದು ಮಾಡಿಕೊಟ್ಟೆ. ಸಾಲಾಗಿ, ನೇರವಾಗಿ, ಚೆಂದವಾಗಿ ಮಾಡಿದ್ದೆ. ಕನ್ನಡಿ ನೋಡಿದವನೇ "ಇದು ಯಾರದೇ ಅಕ್ಕಾ? ನನ್ನದು ಸೊಟ್ಟ ಇತ್ತು. ನನ್ನ ಸೊಟ್ಟ ನನಗೆ ಕೊಡು" ಎಂದ. ಬೈದುಕೊಂಡು ಮತ್ತೆ ಮಾಡಿದೆ, ಒಂದನ್ನು ಸ್ವಲ್ಪ ತಿರುಚಿ. ಎರಡು ವರ್ಷದಿಂದ ಅವನು ಕುಡಿತ ಬಿಟ್ಟಿದ್ದ. ಅದನ್ನು ಅಪ್ಪನಿಗೆ ಹೇಳಿದಾಗ ಅವರು "ನೋಡೋಣ" ಎಂದಿದ್ದರು, ಅಷ್ಟೇ. ಅಮ್ಮ ನನ್ನ ಮನೆಗೆ ಬರುವ ಎರಡು ವಾರ ಮೊದಲು ಕಾರ್ಖಾನೆಯ ಪಾಲಿಶ್ ಗೋದಾಮಿಗೆ ಬೆಂಕಿ ಬಿತ್ತು. ಒಳಗಿದ್ದವರು ನಾಲ್ವರು.

ಗುರುತು ಹಿಡಿಯಲು ನಾನೊಬ್ಬಳೇ ಹೋದೆ. ಅಲ್ಲಿ ಮುಖ ಎನ್ನುವಂಥದ್ದು ಇರಲಿಲ್ಲ. ಒಂದು ಟ್ರೇಯಲ್ಲಿ ನನ್ನ ಕೈಕೆಲಸ ಇಟ್ಟಿದ್ದರು. ಹೌದು, ಇವನೇ ಎಂದೆ. ಅಪ್ಪ ಅಮ್ಮನಿಗೆ "ನೀವು ನೋಡೋದು ಬೇಡ, ಪೆಟ್ಟಿಗೆ ಮುಚ್ಚಿದೆ, ನಾನು ನೋಡಿದೀನಿ" ಎಂದಷ್ಟೇ ಹೇಳಿದೆ. ಅವರೂ ಕೆದಕಲಿಲ್ಲ.

ಅಮ್ಮ ಬಂದ ಮರುದಿನದಿಂದ ನಾನು ಅಂಚೆಯವಳಾದೆ. ಸಂಜೆ ಲ್ಯಾಬು ಮುಚ್ಚಿ, ಹನ್ನೆರಡು ಸ್ಟಾಪ್ ಬಸ್ಸಿನಲ್ಲಿ ಹೋಗಿ, ಮೂರನೇ ಮಹಡಿ ಹತ್ತಿ ಅಪ್ಪನನ್ನು ಕೇಳುವುದು, ವಾಪಸ್ ಬಂದು ಅಮ್ಮನಿಗೆ ವರದಿ ಒಪ್ಪಿಸುವುದು. ಅಪ್ಪ ಅಡುಗೆಮನೆಯ ಮೇಜಿನ ಮೇಲೆ ಇಲಾಖೆಯ ಕಾಲದ ಹಳೇ ಬಟ್ಟುಗಳ ಪೆಟ್ಟಿಗೆ ತೆರೆದಿಟ್ಟುಕೊಂಡು ಒಂದೊಂದನ್ನೇ ಒರೆಸುತ್ತ ಕುಳಿತಿರುತ್ತಿದ್ದರು. ಅವು ಹಿಂದಿನ ದಿನವೇ ಫಳಫಳ ಎನ್ನುತ್ತಿದ್ದವು.

"ತತ್ವ ನಾನು ಮಾಡಿದ್ದಲ್ಲ, ನಾನು ವಾಪಸ್ ತಗೊಳ್ಳೋಕೆ" ಎಂದರು ಮೊದಲ ದಿನ.

ಎರಡನೇ ದಿನವೂ ಅದನ್ನೇ ಹೇಳಿದರು. ಮೂರನೇ ದಿನ ನಾನೇ ಕೇಳಿದೆ. ಕೋಪದಿಂದ ಕೇಳಿದ್ದಲ್ಲ, ಕೋಪ ನನ್ನಲ್ಲಿ ಎಲ್ಲಿತ್ತು? ಅಚ್ಚಿನಲ್ಲಿ ಗುಳ್ಳೆ ಕಂಡರೆ ಕೇಳುತ್ತೇವಲ್ಲ, ಹಾಗೆ.

"ಅಪ್ಪಾ, ಯಾವ ಜೀವ ಯಾವ ಬಗೇದು ಅಂತ ಯಾರಿಗೆ ಗೊತ್ತಿರುತ್ತೆ?"

"ದೇವರಿಗೆ."

"ಮತ್ತೆ ನಿಮಗೆ ಹೇಗೆ ಗೊತ್ತಾಯ್ತು?"

ಅವರು ಕೈಲಿದ್ದ ಬಟ್ಟನ್ನು ಪೆಟ್ಟಿಗೆಯಲ್ಲಿ ಅದರದಲ್ಲದ ಗುಂಡಿಯಲ್ಲಿಟ್ಟರು. ಮೂವತ್ತೈದು ವರ್ಷದಲ್ಲಿ ಅವರು ಹಾಗೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

"ಗೊತ್ತಿರಲಿಲ್ಲ" ಎಂದರು. "ಸಿಟ್ಟಿಗೆ ಅಂದೆ. ಆದ್ರೆ ಈಗ ಗೊತ್ತಿಲ್ಲ ಅಂದ್ರೆ ಏನು ಬಂತು? ಗೊತ್ತಿಲ್ಲ ಅಂದ್ರೆ ಮೂರನೇ ಬಗೆ ಇರಲೂಬಹುದು ಅಂತಾನೇ. ಇದ್ರೆ ಆ ಕತ್ತಲಿಗೆ ಕೊನೆ ಇಲ್ಲಮ್ಮ. ಜೈಲಿಗಾದ್ರೆ ಎರಡು ವರ್ಷ ಅಂತ ಇತ್ತು."

ಇದನ್ನು ನಾನು ಅಮ್ಮನಿಗೆ ಹೇಳಿದೆ. "ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡ್ತಾರೆ" ಎಂದು ಮುಖ ತಿರುಗಿಸಿ ಮಲಗಿದಳು. ಅವಳಿಗೆ ಬೇಕಿದ್ದದ್ದು "ಇಲ್ಲ" ಎನ್ನುವ ಮಾತು. ನನ್ನ ಮಗ ಕತ್ತಲಿಗೆ ಹೋಗುವವನಲ್ಲ ಎಂದು, ಹೇಳಿದ ಬಾಯಿಯೇ ಹೇಳಬೇಕಿತ್ತು. ಅದಿಲ್ಲದಿದ್ದರೆ ಮೂವತ್ತೆಂಟು ವರ್ಷದ ಸಂಸಾರ ಆ ಸೂಟ್‌ಕೇಸಿಗೇ ಮುಗಿಯುತ್ತಿತ್ತು. ಅವಳು ಹೇಳಿದ್ದನ್ನು ಮಾಡುವವಳು. ಆಸ್ಪತ್ರೆಯ ಹತ್ತಿರ ಒಂದು ಕೋಣೆ ನೋಡಿಯೂ ಬಂದಿದ್ದಳು.

ಭಾನುವಾರ ಹನ್ನೊಂದು ಗಂಟೆಗೆ ಅಪ್ಪ ತಾವೇ ಬಂದರು. ನನ್ನ ಲ್ಯಾಬಿಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಸುಳ್ಳು ಹಲ್ಲು ಮಾಡುವ ಮನೆ ಎಂದು ಅವರಿಗೆ ಸಸಾರ. ಅಮ್ಮ ಕೆಳಗೇ ಇದ್ದಳು, ನನ್ನ ಏಪ್ರನ್‌ಗಳನ್ನೆಲ್ಲ ಒಗೆದು ಇಸ್ತ್ರಿ ಮಾಡುತ್ತಿದ್ದಳು. ಅಪ್ಪನ ಕೈಯಲ್ಲಿ ಎರಡು ಪುಸ್ತಕ, ಅಮ್ಮ ಬಿಟ್ಟು ಬಂದಿದ್ದ ಅವಳ ತವರಿನವು. ಒಂದು ವಾರ ಅವನ್ನೇ ಓದಿದ್ದರಂತೆ.

"ನೀನು ಹೇಳಿದ್ದೇ ಸರಿ" ಎಂದರು ಬಾಗಿಲಲ್ಲೇ ನಿಂತು. "ಮೂರು ಬಗೆ ಅನ್ನೋದೆಲ್ಲ ಇಲ್ಲ. ಎಲ್ಲ ಜೀವಾನೂ ಒಂದೇ ಥರ. ಕತ್ತಲಿಗೆ ಅಂತ ಯಾರೂ ಹುಟ್ಟಿಲ್ಲ. ಅವನೂ ವೈಕುಂಠ ಸೇರ್ತಾನೆ. ಸೇರಿದ ಮೇಲೆ ಅಲ್ಲಿ ಎಲ್ಲರೂ ಸಮ. ಮಾತು ವಾಪಸ್ ತಗೊಂಡಿದೀನಿ. ನಡಿ, ಮನೆಗೆ ಹೋಗೋಣ."

ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ನಾನು ಸೂಟ್‌ಕೇಸ್ ತರಲು ಮೇಲೆ ಹೊರಟಿದ್ದೆ. ಅಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ಸಮ ಅಂದ್ರೆ?"

"ಸಮ ಅಂದ್ರೆ ಸಮ. ಜ್ಞಾನದಲ್ಲಿ, ಆನಂದದಲ್ಲಿ. ನಿಮ್ಮವರೇ ಹೇಳಿದ್ದು."

"ಅವನೂ ಎಲ್ಲರ ಹಾಗೇನಾ?"

"ಎಲ್ಲರ ಹಾಗೇ."

"ನನ್ನ ಮಗ ಯಾರ ಹಾಗೂ ಇರಲಿಲ್ಲ ರೀ" ಎಂದಳು ಅಮ್ಮ.

ಅಪ್ಪ ಪುಸ್ತಕ ತೆರೆದು ಪುಟ ಹುಡುಕತೊಡಗಿದರು. ಅಮ್ಮ ಬಿಡಲಿಲ್ಲ. "ಮೂವತ್ತು ವರ್ಷ ಚಾದರ ಎಣಿಸಿದೀನಿ. ಒಗೆದು ಬಂದ ಮೇಲೆ ಯಾರು ಯಾವುದರ ಮೇಲೆ ಮಲಗಿದ್ರು ಅಂತ ಯಾವ ದೇವರಿಗೂ ಹೇಳೋಕಾಗಲ್ಲ. ಮೂಲೇಲಿ ಒಂದು ನಂಬರ್, ಅಷ್ಟೇ. ನಾನು ಅಲ್ಲಿಗೆ ಹೋದಾಗ ನನ್ನ ಮಗನ್ನ ನಂಬರ್ ನೋಡಿ ಹುಡುಕ್ಲಾ?"

"ಅದು ನಿಮ್ಮವರ ಸಿದ್ಧಾಂತ ಅಲ್ವೇನೇ! ಆರು ವರ್ಷದಿಂದ ನನ್ನ ತಲೆ ತಿಂದಿದ್ದು ಇದನ್ನೇ ತಾನೇ?"

"ಆಗ ಅವನು ಬದುಕಿದ್ದ. ನಿಮ್ಮವರು ಹೇಳ್ತಾರಲ್ಲ, ಒಂದು ಜೀವದ ಹಾಗೆ ಇನ್ನೊಂದಿಲ್ಲ, ಮುಕ್ತಿ ಸಿಕ್ಕಿದ ಮೇಲೂ ಆ ವ್ಯತ್ಯಾಸ ಹೋಗಲ್ಲ ಅಂತ. ಅದು ಬೇಕು ನನಗೆ. ಅದು ಕೊಡಿ."

"ಅದು ಬೇಕು ಅಂದ್ರೆ ಅದರ ಜೊತೆ ಮೂರನೇ ಬಗೇನೂ ಬರುತ್ತೆ."

"ಅದು ನಿಮ್ಮ ಹತ್ರಾನೇ ಇರಲಿ."

"ಬೇಕಾದ್ದು ಆರಿಸ್ಕೊಳ್ಳೋಕೆ ಇದೇನು ತರಕಾರಿ ಅಂಗಡೀನಾ?"

ಅಮ್ಮನ ಮಾತು ಅಪ್ಪನ ಬಾಯಲ್ಲಿ, ಅಪ್ಪನ ಮಾತು ಅಮ್ಮನ ಬಾಯಲ್ಲಿ. ಜಾಗ ಅದಲುಬದಲಾದರೂ ಇಬ್ಬರೂ ಪಟ್ಟು ಬಿಡುತ್ತಿರಲಿಲ್ಲ. ಅಪ್ಪನಿಗೆ ಮಗ ಉಳಿಯಬೇಕಿತ್ತು, ಅದಕ್ಕಾಗಿ ಅವನನ್ನು ಎಲ್ಲರ ಹಾಗೆ ಮಾಡಲೂ ತಯಾರು. ಅಮ್ಮನಿಗೆ ಅವನು ಅವನಾಗಿಯೇ ಉಳಿಯಬೇಕಿತ್ತು. ತಮ್ಮ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಎಂದು ನನಗೆ ಅನಿಸಿತು. ಅನಿಸಿತು, ಅಷ್ಟೇ.

ಅಮ್ಮ ನನ್ನ ಕಡೆ ತಿರುಗಿದಳು. "ನೀನು ಹೇಳೇ ಇವರಿಗೆ. ನೀನು ಮುಖ ನೋಡಿ ತಾನೇ ಇವನೇ ಅಂದಿದ್ದು? ಕೊನೇಲೂ ಅವನು ಅವನ ಹಾಗೇ ಇದ್ದ ತಾನೇ?"

ನಾನು ಸರಿ ಎನ್ನಬಹುದಿತ್ತು.

"ಮುಖ ಇರಲಿಲ್ಲಮ್ಮ" ಎಂದೆ. "ನಾನು ಮಾಡಿದ ಹಲ್ಲು ನೋಡಿ ಹೇಳಿದೆ."

ಅಮ್ಮ ಹತ್ತಿರದ ಸ್ಟೂಲಿನ ಮೇಲೆ ಕುಳಿತಳು. ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ನಾನು ಆರಿಸಿದೆ. "ಹಾಗಾದ್ರೆ ಅವನ ಮುಖ ಯಾರೂ ನೋಡಿಲ್ಲ" ಎಂದಳು ಯಾರಿಗೂ ಅಲ್ಲದೆ. "ನಾನು ನೋಡಿ ಆರು ವರ್ಷ. ಹೇಗಾಗಿದ್ದನೋ ಏನೋ."

ಅಪ್ಪ ಪುಸ್ತಕ ಮುಚ್ಚಿದರು. "ನಾನು ನೋಡಿದೀನಿ" ಎಂದರು. "ಐದು ತಿಂಗಳ ಹಿಂದೆ. ಮನೆಗೆ ಬಂದಿದ್ದ."

ನಮಗಿಬ್ಬರಿಗೂ ಅರ್ಥವಾಗಲಿಲ್ಲ. ಅವರು ನಿಂತೇ ಹೇಳಿದರು. ಒಂದು ಮಂಗಳವಾರ ಬೆಳಿಗ್ಗೆ, ಅಮ್ಮ ಡ್ಯೂಟಿಗೆ ಹೋಗಿದ್ದಾಗ, ಬಾಗಿಲ ಗಂಟೆ ಸದ್ದಾಯಿತು. ಬಾಗಿಲಿನ ಕಿಂಡಿಯಲ್ಲಿ ಕಣ್ಣಿಟ್ಟು ನೋಡಿದರೆ ಅವನು.

"ಬಾಗಿಲು ತೆಗೀಲಿಲ್ಲ" ಎಂದರು ಅಪ್ಪ.

"ಯಾಕೆ?" ಎಂದು ಕೇಳಿದವಳು ನಾನು.

"ಚೆನ್ನಾಗಿದ್ದ. ಕುಡಿದವನ ಥರ ಇರಲಿಲ್ಲ. ತೆಗೆದ್ರೆ ನಾನು ಹೇಳಿದ್ದು ತಪ್ಪು ಅಂತ ಆಗ್ತಿತ್ತು." ಪುಸ್ತಕಗಳನ್ನು ಮೇಜಿನ ಮೇಲಿಟ್ಟರು. "ಅಂಗಡಿಯವರು ತಿರಸ್ಕೃತ ಆದ ಬಟ್ಟನ್ನ ರಿಪೇರಿ ಮಾಡಿಸಿ ಮತ್ತೆ ತರ್ತಾರೆ. ಮರುಪರಿಶೀಲನೆ ಅಂತೀವಿ. ತಂದ್ರೆ ನಾವು ಇಲ್ಲ ಅನ್ನೋ ಹಾಗಿಲ್ಲ, ನೋಡಲೇಬೇಕು, ಕಾನೂನು ಹಾಗಿದೆ. ಅವನಿಗೆ ಅದು ಗೊತ್ತಿತ್ತು. ಬಾಗಿಲಾಚೆಯಿಂದ ಅಂದ, ಅಪ್ಪಾ, ಮರುಪರಿಶೀಲನೆಗೆ ಬಂದಿದೀನಿ ಅಂತ. ನಗ್ತಾ ಅಂದ."

ಮೂರು ವಾರದಲ್ಲಿ ಮೊದಲ ಸಲ ನನಗೆ ಏನೋ ಆಯಿತು. ಸಿಟ್ಟು. ಕೈಗೆ ಸಿಕ್ಕ ಪ್ಲಾಸ್ಟರ್ ಅಚ್ಚೊಂದನ್ನು ನೆಲಕ್ಕೆ ಒಗೆದೆ, ಅದು ಯಾವನೋ ಪಾಪದವನ ಮೇಲ್ದವಡೆ, ನೂರು ಚೂರಾಯಿತು. ಅಪ್ಪನಿಗೆ ಅಂದಿನವರೆಗೂ ಆಡದ ಮಾತು ಬಾಯಿಗೆ ಬಂದಿತ್ತು. ಅಮ್ಮ ಕೈ ಎತ್ತಿ ನನ್ನನ್ನು ತಡೆದಳು.

"ಯಾವ ಶರ್ಟ್ ಹಾಕಿದ್ದ?" ಎಂದು ಕೇಳಿದಳು.

"ನೀಲಿ. ಕತ್ತಿನ ಗುಂಡಿವರೆಗೂ ಹಾಕಿದ್ದ."

"ಸಣ್ಣ ಆಗಿದ್ನಾ?"

"ಇಲ್ಲ. ಸ್ವಲ್ಪ ದಪ್ಪಾನೇ ಆಗಿದ್ದ. ತಲೆ ಒದ್ದೆ ಮಾಡಿ ಬಾಚಿದ್ದ. ಒಂದು ಸಲ ಬೂಟು ಬಿಚ್ಚಿದ, ಮತ್ತೆ ಹಾಕ್ಕೊಂಡ."

"ಎಷ್ಟು ಹೊತ್ತು ನಿಂತಿದ್ದ?"

"ಹದಿನೈದು ನಿಮಿಷ."

"ನೀವು?"

"ನಾನೂ ನಿಂತೇ ಇದ್ದೆ. ಕಿಂಡಿಯಿಂದ ಕಣ್ಣು ತೆಗೀಲಿಲ್ಲ. ಬಾಗಿಲು ಸವರಿ ನೋಡಿದ. ಅಪ್ಪಾ, ಪಾಲಿಶ್ ಹೋಗಿದೆ, ಒಂದಿನ ಬಂದು ಮಾಡ್ಕೊಡ್ತೀನಿ ಅಂದ. ಹೋಗೋವಾಗ ಅಂದ, ನೀವು ಒಳಗಿದೀರಿ ಅಂತ ಗೊತ್ತಪ್ಪ, ಕಿಂಡಿ ಕಪ್ಪಾಗಿದೆ."

ಅಮ್ಮ ಅಳಲಿಲ್ಲ, ಬೈಯಲಿಲ್ಲ. ಎದ್ದು, ಮಡಿಸಿಟ್ಟ ಏಪ್ರನ್‌ಗಳನ್ನು ಕಪಾಟಿಗೆ ಸೇರಿಸಿ, ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ. ಎಲ್ಲಿ ನಿಂತಿದ್ದ ತೋರಿಸಿ" ಎಂದಳು.

ಮೂವರೂ ಬಸ್ಸು ಹತ್ತಿ ಹನ್ನೆರಡು ಸ್ಟಾಪ್ ದಾಟಿ ಇಳಿದೆವು. ಸೂಟ್‌ಕೇಸ್ ತರಲಿಲ್ಲ. ತಾ ಎಂದು ಅವಳು ಹೇಳಿರಲಿಲ್ಲ, ಕೇಳುವ ಧೈರ್ಯ ನನಗಿರಲಿಲ್ಲ. ಮೂರನೇ ಮಹಡಿಯಲ್ಲಿ ಅಪ್ಪ ಕಾಲೊರಸಿನ ಎಡತುದಿಯನ್ನು ತೋರಿಸಿದರು. ಅಮ್ಮ ಅಲ್ಲಿ ನಿಂತಳು. ಇನ್ನೊಂದು ಹೆಜ್ಜೆ ಆಚೆ ಸರಿ ಎಂದರು, ಸರಿದಳು.

"ನೀವು ಒಳಗೆ ಹೋಗಿ. ಬಾಗಿಲು ಹಾಕ್ಕೊಳಿ."

"ಯಾಕೇ?"

"ಹೋಗಿ ಅಂದೆ."

ಅಪ್ಪ ಬೀಗ ತೆಗೆದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಮೆಟ್ಟಿಲಿನ ಮೇಲೆ ನಿಂತಿದ್ದೆ. ಬಾಗಿಲ ಮಧ್ಯದ ಕಿಂಡಿಯಲ್ಲಿ ಒಳಗಿನ ಬೆಳಕು ಒಂದು ಚುಕ್ಕೆಯಷ್ಟು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಕಪ್ಪಾಯಿತು. ಅಮ್ಮ ಅದನ್ನೇ ನೋಡುತ್ತ ನಿಂತಳು, ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಗಂಟೆ ಒತ್ತಿದಳು.

ಗಂಟೆಯ ಸದ್ದು ನಿಲ್ಲುವ ಮೊದಲೇ ಬಾಗಿಲು ತೆರೆಯಿತು. ಅಪ್ಪನ ಕೈ ಇನ್ನೂ ಚಿಲಕದ ಮೇಲಿತ್ತು.

"ಇಷ್ಟೇ ಕೆಲಸ ಇದ್ದಿದ್ದು, ರೀ" ಎಂದಳು ಅಮ್ಮ.

ಅಪ್ಪ ಅಲ್ಲೇ ಕುಸಿದು ಕುಳಿತು ಗಟ್ಟಿಯಾಗಿ ಅತ್ತರು. ಅಮ್ಮ ಒಳಗೆ ಹೋಗಲಿಲ್ಲ, ಕೆಳಗಿಳಿದೂ ಹೋಗಲಿಲ್ಲ. ಅವನು ನಿಂತಿದ್ದ ಕಾಲೊರಸಿನ ಮೇಲೆ ಹೊಸ್ತಿಲಿಗೆ ಬೆನ್ನು ಕೊಟ್ಟು ಕುಳಿತಳು. ನಾನೂ ಒಂದು ಮೆಟ್ಟಿಲ ಮೇಲೆ ಕುಳಿತು ಅತ್ತೆ. ಮೇಲಿನ ಮಹಡಿಯವರು ಸಾಮಾನಿನ ಚೀಲ ಹಿಡಿದುಕೊಂಡು ಬಂದರು, ನಮ್ಮನ್ನು ನೋಡಿ, ಸ್ವಲ್ಪ ದಾರಿ ಬಿಡಿ ಎಂದರು. ಕಾಲು ಸರಿಸಿ ಬಿಟ್ಟೆವು. ಬಾಗಿಲು ಸಂಜೆಯವರೆಗೂ ತೆರೆದೇ ಇತ್ತು.